ಪೆಕ್ ದೊರೆಸಾನಿಯ ಗಂಜಿ ಬಟ್ಟಲು

ಹೊಸಪೇಟೆಯಲ್ಲಿ ನಾನು ಸುತ್ತಿಗೆ ಎತ್ತಿ ಒಂದು ಪೆಟ್ಟು ಹಾಕಿದರೆ ಹಂಪಿಯ ಗುಡಿಯ ಕೋತಿಗಳು ಬಾಳೆಹಣ್ಣು ಕೆಳಗಿಟ್ಟು ಕಿವಿಗೊಡುತ್ತಿದ್ದವು. ಸಾಕ್ಷಿ ಬೇಕೆನ್ನುವವರು ಆ ಕೋತಿಗಳನ್ನೇ ಕೇಳಬಹುದು. ಜಾತಿಯಲ್ಲಿ ಪತ್ತಾರ, ಅಂದರೆ ಅಕ್ಕಸಾಲಿಗ, ಹೆಸರು ಮೂಕಣ್ಣ. ನಮ್ಮವರ ಗುರು ಮೌನೇಶ್ವರನ ಮೇಲಿನ ಭಕ್ತಿಗೆ ಅಪ್ಪ ಇಟ್ಟ ಹೆಸರು ಅದು. ಮಾತು ಕಲಿತ ದಿನದಿಂದ ಇವತ್ತಿನವರೆಗೆ ಅದಕ್ಕೆ ದ್ರೋಹ ಮಾಡುತ್ತಲೇ ಬಂದಿದ್ದೇನೆ.

ನನ್ನ ಕೆಲಸ ಲಿಂಗದ ಕರಡಿಗೆ. ಲಿಂಗವಂತರು ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಆ ಬೆಳ್ಳಿಯ ಗೂಡನ್ನು ಮಾಡುವವರು ಬಳ್ಳಾರಿ ಸೀಮೆಯಲ್ಲಿ ನೂರು ಜನ ಇದ್ದರು. ಸರಿಯಾಗಿ ಮುಚ್ಚುವವನು ನಾನೊಬ್ಬನೇ. ನನ್ನ ಮುಚ್ಚಳ ಕೂತರೆ ಒಳಗೆ ಹೋಗಲು ಗಾಳಿಯೂ ಅಪ್ಪಣೆ ಕೇಳಬೇಕು. ಆ ಮುಚ್ಚಳಕ್ಕೆ ಬೆಸುಗೆ ಇಲ್ಲ, ಬೆಂಕಿ ಇಲ್ಲ. ಅಂಚಿನ ಮೇಲೆ ಅಂಚು ಕೂರಿಸಿ, ತಣ್ಣಗಿನ ಬೆಳ್ಳಿಯನ್ನು ಸಣ್ಣ ಸುತ್ತಿಗೆಯಿಂದ ಒಲಿಸಿಕೊಳ್ಳಬೇಕು. ಅದನ್ನು ಪರೀಕ್ಷಿಸುವ ರೀತಿಯೂ ಒಂದಿತ್ತು. ಕರಡಿಗೆಗೆ ವಿಭೂತಿ ತುಂಬಿ, ಮುಚ್ಚಿ, ಕಂಪ್ಲಿಯ ಹೊಳೆಯಲ್ಲಿ ಮುಳುಗಿಸಿ, ಹೊರಗೆ ತೆಗೆದು ಬಿಚ್ಚಿ ಊದಬೇಕು. ವಿಭೂತಿ ಹಾರಿದರೆ ಕರಡಿಗೆ ಗಿರಾಕಿಯದು. ಒದ್ದೆಯಾಗಿ ಅಂಟಿಕೊಂಡರೆ ಪತ್ತಾರನ ತಲೆಗೆ. ನನ್ನ ಕರಡಿಗೆಯ ವಿಭೂತಿ ಹೊಳೆ ದಾಟಿ ನಿಜಾಮನ ಸೀಮೆಯವರ ಹಣೆಗೆ ಹತ್ತಿದ್ದುಂಟು.

ಇಷ್ಟೆಲ್ಲ ಇದ್ದರೂ ಒಂದು ಗಾದೆಯನ್ನು ಮಾತ್ರ ನನ್ನಿಂದ ಗೆಲ್ಲಲಾಗಿರಲಿಲ್ಲ. ಅಕ್ಕಸಾಲಿಗ ಅಕ್ಕನ ಬಂಗಾರವನ್ನೂ ಬಿಡುವುದಿಲ್ಲ ಎಂಬ ಆ ಗಾದೆಯನ್ನು ಕಟ್ಟಿದವನು ಸಿಕ್ಕಿದ್ದರೆ ಅವನ ನಾಲಗೆಯನ್ನು ತಂತಿಯಾಗಿ ಎಳೆದು ಬಿಡುತ್ತಿದ್ದೆ. ಅದರ ದೆಸೆಯಿಂದ ಬೆಳ್ಳಿ ತಂದವರು ಕೊಟ್ಟು ಹೋಗುತ್ತಿರಲಿಲ್ಲ. ಕರಗಿಸುವುದರಿಂದ ತೂಗುವವರೆಗೆ ನನ್ನ ಎದುರಿಗೇ ಕಂಬದ ಹಾಗೆ ಕೂರುತ್ತಿದ್ದರು.

ಆ ವರ್ಷ ಹಾಗೆ ಕೂತವನು ಕಂಪ್ಲಿಯ ಭತ್ತದ ವ್ಯಾಪಾರಿ ಕೊಟ್ರಯ್ಯ. ಮೊಮ್ಮಗನ ಕರಡಿಗೆಗೆಂದು ಹನ್ನೆರಡು ಬೆಳ್ಳಿ ರೂಪಾಯಿ ತಂದಿದ್ದ. ರೂಪಾಯಿ ಕರಗಿಸಿ ಒಡವೆ ಮಾಡುವುದೇ ಆಗಿನ ಪದ್ಧತಿ. ರೂಪಾಯಿಗಳು ನನ್ನ ಪೆಟ್ಟಿಗೆಯಲ್ಲಿ, ಕೊಟ್ರಯ್ಯನ ಕಣ್ಣು ಪೆಟ್ಟಿಗೆಯ ಮೇಲೆ. ಅವನು ರೆಪ್ಪೆ ಬಡಿಯುವುದನ್ನು ನಾನು ಮೂರು ದಿನದಲ್ಲಿ ಎರಡೇ ಸಲ ಕಂಡೆ.

ಸೋಮವಾರ ಸಂಡೂರಿನಿಂದ ರೈಟರ್ ಹಾಲಸ್ವಾಮಿ ಬಂದ. ಸಂಡೂರು ಗುಡ್ಡದಲ್ಲಿ ಮ್ಯಾಂಗನೀಸ್ ಅಗೆಯುವುದು ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ಅಲ್ಲಿಗೆ ಮಣ್ಣು ಪರೀಕ್ಷಿಸಲು ಬಂದಿದ್ದ ಪೆಕ್ ಎಂಬ ಅಮೆರಿಕದ ದೊರೆಯ ಹತ್ತಿರ ಇವನು ಗುಮಾಸ್ತ. ಕಂಕುಳಲ್ಲಿ ಒಂದು ಗಂಟು.

"ಪತ್ತಾರ್ರ, ಅಮೆರಿಕಾದ ಬೆಳ್ಳಿ ಎಂದಾರ ಕೈಯಾಗ ಹಿಡದೀರೇನು?"

"ಭೂಮಿ ಮ್ಯಾಲಿನ ಬೆಳ್ಳಿ ಎಲ್ಲಾ ಒಮ್ಮೆ ನನ್ನ ಕೈಗೆ ಬಂದು ನಮಸ್ಕಾರ ಮಾಡಿ ಹೋಗೈತಿ, ಸ್ವಾಮೇರ. ಬಿಚ್ರಿ ಗಂಟು."

ಒಳಗಿದ್ದದ್ದು ಒಂದು ಬಟ್ಟಲು. ಗೇಣಿಗಿಂತ ಸ್ವಲ್ಪ ಕಡಿಮೆ ಅಗಲ, ಹೊಟ್ಟೆ ದುಂಡು. ಒಂದು ಪಕ್ಕಕ್ಕೆ ಹಿಡಿಯಲು ಚಪ್ಪಟೆ ಕಿವಿ. ಆ ಕಿವಿಯಲ್ಲಿ ಹಂಪಿಯ ಕಲ್ಲು ಜಾಲಂದ್ರದ ಹಾಗೆ ಕೊರೆದ ಕಿಂಡಿಗಳು. ಕಿವಿ ಬುಡದಲ್ಲಿ ಸಡಿಲಾಗಿ ಅಲ್ಲಾಡುತ್ತಿತ್ತು. ನೂರೈವತ್ತು ವರ್ಷದ ಹಿಂದೆ ಬಾಸ್ಟನ್ ಎಂಬ ಊರಿನ ಪತ್ತಾರನೊಬ್ಬ ದೊರೆಸಾನಿಯ ಮುತ್ತಜ್ಜಿಯ ಮುತ್ತಜ್ಜಿಗೆ ಮಾಡಿಕೊಟ್ಟದ್ದಂತೆ. ಆ ಮನೆತನದಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಮೊದಲ ಗಂಜಿ ಈ ಬಟ್ಟಲಲ್ಲೇ ಆಗಬೇಕು. ಪೆಕ್ ದೊರೆಯ ಕೂಸಿಗೆ ಬರುವ ಭಾನುವಾರ ಆರು ತಿಂಗಳು.

ಬಟ್ಟಲನ್ನು ಮಗುಚಿದೆ. ತಳದಲ್ಲಿ ವೀಳ್ಯದೆಲೆಯಂಥ ಮುದ್ರೆ, ಅದರೊಳಗೆ ಎರಡು ಅಕ್ಷರ. ತಳದ ನಟ್ಟನಡುವೆ ಸಾಸಿವೆಗಿಂತ ಸಣ್ಣ ಒಂದು ಚುಕ್ಕೆ. ನನ್ನ ಮೈ ಜುಮ್ಮೆಂದಿತು. ಅದು ಕೈವಾರದ ಮೊನೆ ಊರಿದ ಗುರುತು. ತಗಡನ್ನು ಬಟ್ಟಲಾಗಿ ಬಡಿಯುವವನು ಮೊದಲು ನಡುವೆ ಒಂದು ಚುಕ್ಕೆ ಇಟ್ಟು, ಅದರ ಸುತ್ತ ಗೆರೆ ಎಳೆದುಕೊಂಡು, ಆ ಗೆರೆಗಳ ಮೇಲೆ ಸುತ್ತಿಗೆ ತಿರುಗಿಸುತ್ತಾನೆ. ನಾನೂ ಹಾಗೇ ಶುರು ಮಾಡುವುದು. ಬಾಸ್ಟನ್ನಿನ ಆ ಪತ್ತಾರ ವಿಜಯನಗರ ಬಿದ್ದಾಗ ಹಡಗು ಹತ್ತಿ ಓಡಿಹೋದ ನಮ್ಮ ಮನೆತನದವನೇ ಎಂದು ಆ ಕ್ಷಣದಲ್ಲಿ ನನಗೆ ಖಾತ್ರಿಯಾಯಿತು. ಇನ್ನೂರು ವರ್ಷ ಹೆಚ್ಚುಕಡಿಮೆಯಾದರೆ ಆಗಲಿ.

ತಕ್ಕಡಿಗಿಟ್ಟೆ. ಇಪ್ಪತ್ತೊಂದು ತೊಲ.

"ಸಂಜೆಗೆ ತಗೊಂಡು ಹೋಗ್ರಿ," ಎಂದೆ.

ಒಳಗಿನಿಂದ ನನ್ನ ಹೆಂಡತಿ ವಿರುಪಮ್ಮ ಹೊಸ್ತಿಲಿಗೆ ಬಂದು ಬಟ್ಟಲು ನೋಡಿದಳು. "ಕಿವಿ ಬುಡದಾಗ ಏನೋ ಬೂದಬೂದ ಕಾಣತೈತ್ರಿ. ಒಂದೀಟು ಕೆರದು ನೋಡ್ರಿ."

"ಮುತ್ತಜ್ಜಿ ಕಾಲದ ಗಂಜಿ ಅದು. ನೀ ಒಳಗ ನಡಿ."

ಇದ್ದಿಲು ಕೆಂಪಗಾಯಿತು. ಹಳೆಯ ಬೆಳ್ಳಿ ಬಿಗಿದಿರುತ್ತದೆ, ಬೆಸುಗೆಗೆ ಮೊದಲು ಕಾಯಿಸಿ ಹದಕ್ಕೆ ತರಬೇಕು. ನೋಡುವವರು ಇಬ್ಬರಿದ್ದರಲ್ಲ, ಊದುಗೊಳವೆಯಲ್ಲಿ ಬಿರುಗಾಳಿಯನ್ನೇ ಊದಿದೆ. ಬಟ್ಟಲು ನಸುಗೆಂಪಾಯಿತು. ಕಿವಿಯ ಬುಡದಲ್ಲಿ ಬೆಳ್ಳಿ ಬೆವರಿತು. ಬೆವರಿನ ಹನಿ ಉರುಳಿತು. ಉರುಳಿದ ಜಾಗದಲ್ಲಿ ಬೆಳ್ಳಿ ಇರಲಿಲ್ಲ. ಅಲ್ಲಿ ಕೊಟ್ರಯ್ಯನ ಮೀಸೆ ಕಾಣಿಸಿತು.

ತೂತು. ನಾಲ್ಕಾಣೆಯಷ್ಟು ಅಗಲದ್ದು.

ಆ ಬೂದು ಬಣ್ಣದ್ದು ಗಂಜಿಯಲ್ಲ, ಸೀಸ. ಯಾವುದೋ ದೊಡ್ಡ ಊರಿನ ರಿಪೇರಿಯವನು ಬೆಳ್ಳಿಯ ಬೆಸುಗೆ ಹಾಕುವ ಬದಲು ಸೀಸ ಮೆತ್ತಿ ಕೈತೊಳೆದುಕೊಂಡಿದ್ದ. ಸೀಸ ತಣ್ಣಗಿರುವಾಗ ಬೆಳ್ಳಿಯ ಪಕ್ಕ ಬೆಕ್ಕಿನಂತೆ ಮಲಗಿರುತ್ತದೆ. ಬೆಂಕಿ ಕಂಡರೆ ಹುಲಿಯಾಗಿ ಬೆಳ್ಳಿಯನ್ನೇ ತಿನ್ನುತ್ತದೆ. ಉಣ್ಣುವ ಬಟ್ಟಲಿಗೆ ನಮ್ಮ ಕಡೆ ಯಾವ ಪತ್ತಾರನೂ ಸೀಸ ಮುಟ್ಟಿಸುವುದಿಲ್ಲ. ಬೇರೆಯವನು ಮುಟ್ಟಿಸಿಯಾನು ಎಂದು ನನಗೆ ಹೊಳೆಯಲೇ ಇಲ್ಲ.

ಕೊಟ್ರಯ್ಯ ನಿಧಾನವಾಗಿ ಅಡಿಕೆ ಬಾಯಿಗೆ ಹಾಕಿಕೊಂಡ.

"ನಾನು ಭಾಳ ಮಂದಿ ಪತ್ತಾರ್ರ ಮುಂದ ಕುಂತೀನಿ, ಮೂಕಣ್ಣ. ಕದ್ದು ತಿನ್ನೋರನ್ನ ನೋಡೀನಿ. ಹಿಂಗ ಕಣ್ಣೆದುರಿಗೇ ತಿಂದಾಂವ ನೀನೊಬ್ಬನ."

"ತಿಂದಿದ್ದು ಸೀಸ, ಸಾವ್ಕಾರ್ರ."

"ಹೊಟ್ಟಿ ಯಾರದಾದ್ರೇನು."

ಹಾಲಸ್ವಾಮಿ ಗೋಗರೆದ. "ಮೇಣ ತುಂಬಿ, ಮ್ಯಾಲೆ ಒಪ್ಪ ಹಾಕಿ ಕೊಡ್ರಿ. ನನ್ನ ನೌಕರಿ ಉಳೀಲಿ."

"ಬಿಸಿ ಗಂಜಿ ಹಾಕ್ತಾರ, ಸ್ವಾಮೇರ. ಮೇಣ ಕರಗಿ ಕೂಸಿನ ಬಾಯಿಗೆ ಹೋಗತೈತಿ. ಆಗ ನೌಕರಿ ಅಲ್ಲ, ನಾವಿಬ್ಬರೂ ಉಳಿಯಂಗಿಲ್ಲ."

ಮರುದಿನ ಬೆಳಿಗ್ಗೆ ಬಟ್ಟಲನ್ನು ಟವಲಿನಲ್ಲಿ ಕಟ್ಟಿಕೊಂಡು ನಾನೇ ಸಂಡೂರಿಗೆ ನಡೆದೆ. ಹದಿನೆಂಟು ಮೈಲಿ. ಒಂದು ಎಲೆಯಡಿಕೆ ಜಗಿದು ಮುಗಿಸುವುದರೊಳಗೆ ಮುಟ್ಟಿದೆ. ಎಲೆ ಸ್ವಲ್ಪ ದೊಡ್ಡದಿತ್ತು. ಗುಡ್ಡದ ಕೆಂಪು ದೂಳಿಗೆ ನಾನು ಬಂಗಲೆ ಸೇರುವ ಹೊತ್ತಿಗೆ ತಾಮ್ರದ ವಿಗ್ರಹವಾಗಿದ್ದೆ.

ಪೆಕ್ ದೊರೆಸಾನಿ ಬಿದಿರೇಣಿಯಷ್ಟು ಎತ್ತರದ ಹೆಂಗಸು. ಕಾಲಿನಿಂದ ತೊಟ್ಟಿಲು ತೂಗುತ್ತ ಬಟ್ಟಲನ್ನು ತಿರುಗಿಸಿ ನೋಡಿದಳು, ತೂತಿನಲ್ಲಿ ಬೆರಳು ತೂರಿಸಿದಳು. ನಾನು ಜೀವಮಾನದಲ್ಲಿ ಮೊದಲ ಸಲ, ಉದ್ದ ಮಾಡದೆ, ಆದದ್ದನ್ನು ಆದಂತೆ ಹೇಳಿದೆ. ಹಾಲಸ್ವಾಮಿ ಇಂಗ್ಲಿಷಿಗೆ ದಾಟಿಸಿದ.

ಅವಳು ಹೇಳಿದ್ದನ್ನೂ ಅವನೇ ಕನ್ನಡಕ್ಕೆ ತಂದ. "ಅವರ ದೇಶದಾಗ ಆಗ ಬ್ಯಾಂಕ್ ಇರಲಿಲ್ಲಂತ. ಹಡಗಿನ ಮಂದಿ ಹತ್ತು ರಾಜರ ಬೆಳ್ಳಿ ನಾಣ್ಯ ತರ್ತಿದ್ರಂತ. ನಾಣ್ಯ ಎಲ್ಲಾ ಒಂದೇ ನಮೂನಿ. ಕಳ್ಳ ಒಯ್ದ್ರ ನಂದು ಅಂತ ಹೆಂಗ ಹೇಳೋದು? ಅದಕ್ಕ ನಾಣ್ಯ ಒಯ್ದು ಪತ್ತಾರಗ ಕೊಟ್ಟು, ಕರಗಿಸಿ ಬಟ್ಟಲ ಮಾಡಿಸಿ, ಅವನ ಮುದ್ರಿ ಒತ್ತಿಸಿ ಇಟ್ಕೋತಿದ್ರಂತ."

"ಕರಗಿಸೋ ಮುಂದ ನಾಣ್ಯ ಕೊಟ್ಟಾಂವ ಎದುರಿಗೆ ಕುಂದರತಿದ್ದನೇನು ಕೇಳ್ರಿ."

ಕೇಳಿದ. ದೊರೆಸಾನಿ ಹುಬ್ಬು ಏರಿಸಿ ಇಲ್ಲವೆಂದು ತಲೆಯಾಡಿಸಿದಳು. ಯಾಕೆ ಕೂರಬೇಕು, ಅವನು ಊರಿನಲ್ಲಿ ಎಲ್ಲರೂ ನಂಬುವ ಮನುಷ್ಯನಾಗಿದ್ದ, ಅದಕ್ಕೇ ತಾನೆ ಅವನ ಕೈಗೆ ಕೊಡುತ್ತಿದ್ದದ್ದು ಎಂದಳಂತೆ.

ಹದಿನೆಂಟು ಮೈಲಿ ನಡೆದರೂ ನೋಯದ ಕಾಲು ಆಗ ನೊಂದಿತು.

ಬಟ್ಟಲನ್ನು ಹಾಗೇ ಬಿಟ್ಟು ಹೋಗು, ಊರಿಗೆ ಕಳಿಸುತ್ತೇನೆ ಎಂದಳು. ನಾನು ಕೈಯೊಡ್ಡಿದೆ. "ಅವ್ವಾರಿಗೆ ಹೇಳ್ರಿ, ಸ್ವಾಮೇರ. ಭಾನುವಾರ ಗಂಜಿ ಹೊತ್ತಿಗೆ ತರ್ತೀನಿ. ಅದರಾಗಿಂದ ಒಂದು ಹನಿ ಸೋರಿದ್ರ ನಮ್ಮಪ್ಪನ ಸುತ್ತಿಗಿ ಇಲ್ಲೇ ಬಿಟ್ಟು, ಈ ಗುಡ್ಡದಾಗ ಅದಿರು ಹೊರಾಕ ನಿಲ್ತೀನಿ."

ಹಾಲಸ್ವಾಮಿ ನನ್ನ ಮುಖ ನೋಡಿದ. "ಖರೇನ?"

"ದಾಟಿಸ್ರಿ."

ದೊರೆಸಾನಿ ನನ್ನ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿ ಬಟ್ಟಲು ಕೊಟ್ಟಳು. ಎದುರಿಗೆ ಕೂರಲು ಯಾರನ್ನೂ ಕಳಿಸಲಿಲ್ಲ.

ಬುಧವಾರ ಸೀಸದ ಬೇಟೆ. ಎಳ್ಳಿನಷ್ಟು ಸೀಸ ಉಳಿದರೂ ಮತ್ತೆ ಬೆಂಕಿ ತೋರಿಸುವಂತಿಲ್ಲ. ತೂತಿನ ಅಂಚನ್ನು, ಕಿವಿಯ ಬುಡವನ್ನು ಕೆರೆದೆ, ಅರದಿಂದ ಉಜ್ಜಿದೆ. ಮುಗಿಯಿತೆಂದು ವಿರುಪಮ್ಮನಿಗೆ ತೋರಿಸಿದರೆ ಬಿಸಿಲಿಗೆ ಹಿಡಿದು, "ಇನ್ನೂ ಐತ್ರಿ," ಎಂದಳು. ಮತ್ತೆ ಕೆರೆದೆ. "ಐತ್ರಿ." ಅವಳ ಕಣ್ಣಿಗೆ ಆಕಾಶದ ಚುಕ್ಕೆಗಳ ನಡುವಿನ ಕಸವೂ ಕಾಣುತ್ತದೆ. ಏಳನೇ ಸಲ ನೋಡಿ, "ಇಲ್ಲ ಅನ್ನಂಗಾಗೈತಿ," ಎಂದಳು. ಆ ಅನ್ನಂಗಾಗೈತಿಯ ಮೇಲೆ ಬೆಂಕಿ ಹಚ್ಚುವ ಧೈರ್ಯ ನನಗಿರಲಿಲ್ಲ.

ಹಾಗಾದರೆ ಬೆಂಕಿಯೇ ಬೇಡ. ಕರಡಿಗೆಯ ಮುಚ್ಚಳ ಬೆಂಕಿಯಿಲ್ಲದೆ ನೀರು ತಡೆಯುವುದಾದರೆ ಬಟ್ಟಲಿನ ತೂತು ಯಾಕೆ ತಡೆಯಬಾರದು? ಉಪಾಯ ಹೀಗಿತ್ತು. ತೂತಿನ ಒಳಗೊಂದು ಬಿಲ್ಲೆ, ಹೊರಗೊಂದು ಬಿಲ್ಲೆ, ನಡುವೆ ಬಟ್ಟಲಿನ ಗೋಡೆ. ಹೊರಗಿನ ಬಿಲ್ಲೆಯ ಕೆಳಗೆ ಕಿವಿಯ ಬುಡ. ಎಲ್ಲವನ್ನೂ ಸೇರಿಸಿ ನಾಲ್ಕು ಬೆಳ್ಳಿ ಮೊಳೆ ಹೊಡೆದು, ಬಿಲ್ಲೆಗಳ ಅಂಚನ್ನು ಕರಡಿಗೆಯ ಅಂಚಿನಂತೆ ತಣ್ಣಗೇ ಬಡಿದು ಗೋಡೆಗೆ ಕೂರಿಸುವುದು.

ಮನೆಯಲ್ಲಿ ನನ್ನ ಸ್ವಂತದ್ದೆಂದು ಇದ್ದದ್ದು ಅಪ್ಪಟ ಬೆಳ್ಳಿಯ ಒಂದೇ ತುಂಡು. ಅದನ್ನು ಬಡಿದು ಬಿಲ್ಲೆ ಮಾಡಿದೆ. ಗುರುವಾರ ಮಧ್ಯಾಹ್ನ ಬಟ್ಟಲಿಗೆ ನೀರು ತುಂಬಿ ವಿಭೂತಿಯ ಗುಡ್ಡೆಯ ಮೇಲೆ ಇಟ್ಟೆವು. ಸೋರಿದರೆ ವಿಭೂತಿ ಹೇಳುತ್ತದೆ. ಎತ್ತಿದಾಗ ಸಾಸಿವೆಯಷ್ಟು ಕಪ್ಪು ಚುಕ್ಕೆ.

"ಅದು ನನ್ನ ಬೆವರು," ಎಂದೆ.

"ಬೆವರೂ ಸೋರೋದ," ಎಂದ ಕೊಟ್ರಯ್ಯ.

ಮೊಳೆ ಬಿಚ್ಚಿ, ಬಿಲ್ಲೆಯನ್ನು ಹೊಸದಾಗಿ ಬಡಿದೆ. ಶುಕ್ರವಾರದ ಚುಕ್ಕೆ ಕಡಲೆಯಷ್ಟಿತ್ತು. ಆಗ ತಿಳಿಯಿತು. ಅಪ್ಪಟ ಬೆಳ್ಳಿ ಮೊನ್ನೆ ಹುಟ್ಟಿದ ಮಗುವಿನ ಹಾಗೆ ಮೆತ್ತಗೆ. ಬಡಿದಾಗ ಕೂರುತ್ತದೆ, ಕೈ ಬಿಟ್ಟರೆ ಸಡಿಲುತ್ತದೆ. ಕರಡಿಗೆ ಬಿಗಿ ಹಿಡಿಯುವುದು ರೂಪಾಯಿಯ ಬೆಳ್ಳಿಯಲ್ಲಿರುವ ಚೂರು ತಾಮ್ರದಿಂದ. ಬಾಸ್ಟನ್ನಿನ ಅಣ್ಣನ ಬಟ್ಟಲೂ ನಾಣ್ಯದ ಬೆಳ್ಳಿಯದೇ. ನಾಣ್ಯಕ್ಕೆ ನಾಣ್ಯವೇ ಜೋಡಿ.

ಒಂದು ರೂಪಾಯಿಯ ಬೆಳ್ಳಿ ಬೇಕಿತ್ತು. ಪತ್ತಾರನ ಮನೆಯಲ್ಲಿ ಊರವರ ಬೆಳ್ಳಿ ಇರುತ್ತದೆ, ತನ್ನದು ಇರುವುದಿಲ್ಲ. ಓಣಿಯಲ್ಲಿ ಕೇಳಿದೆ. ತೂತಿನ ಸುದ್ದಿ ನನಗಿಂತ ಮೊದಲೇ ಮನೆಮನೆಗೆ ಹೋಗಿ ಚಹಾ ಕುಡಿದು ಬಂದಿತ್ತು. ನನ್ನ ಕೈಗೆ ಬೆಳ್ಳಿ ಕೊಡುವವರು ಯಾರೂ ಇರಲಿಲ್ಲ. ಕೊಟ್ರಯ್ಯನನ್ನು ಕೇಳಿದ್ದಕ್ಕೆ, "ಲಿಂಗದ ಬೆಳ್ಳಿ ಅದು. ಎಂಜಲ ಬಟ್ಟಲಿಗೆ ಕೊಡಾಕಿಲ್ಲ," ಎಂದು ಮುಗಿಸಿದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಶನಿವಾರ ಊಟವಾದ ಮೇಲೆ ನಡೆಯಬಾರದ್ದು ನಡೆಯಿತು. ಕೊಟ್ರಯ್ಯ ನಿದ್ದೆ ಹೋದ. ಎಂಟು ದಿನದ ಕಾವಲು ಅವನ ಗೊರಕೆಯಲ್ಲಿ ಹೊರಗೆ ಬಂತು. ಛಾವಣಿಯ ಹಂಚು ಅದುರಿದವು. ಪೆಟ್ಟಿಗೆಯಲ್ಲಿ ಹನ್ನೆರಡು ರೂಪಾಯಿ. ಒಂದನ್ನು ತೆಗೆದು, ಕರಡಿಗೆ ತೂಗುವಾಗ ಸರಿಮಾಡುವ ದಾರಿಗಳು ನನ್ನ ಅಜ್ಜನಿಗೆ ಹದಿನಾಲ್ಕು ಗೊತ್ತಿದ್ದವು. ನನಗೆ ಹದಿನಾರು. ಒಂದನ್ನೂ ಅದುವರೆಗೆ ಮಾಡಿರಲಿಲ್ಲ ಎಂದರೆ ನೀವು ನಂಬಬೇಕು. ನಾನು ಸುಳ್ಳು ಹೇಳುವುದು ದೊಡ್ಡ ವಿಷಯಗಳಲ್ಲಿ ಮಾತ್ರ.

ಕೈ ಪೆಟ್ಟಿಗೆಯ ಮೇಲಿತ್ತು. ಒಂದು ರೂಪಾಯಿ ಎತ್ತಿದರೆ ಬಟ್ಟಲು ಉಳಿಯುತ್ತದೆ, ಸುತ್ತಿಗೆ ಉಳಿಯುತ್ತದೆ, ಗಾದೆಯೂ ಉಳಿಯುತ್ತದೆ. ಸಂಡೂರಿನ ಆ ಹೆಂಗಸು ಎದುರಿಗೆ ಯಾರನ್ನೂ ಕೂರಿಸದೆ ಕಳಿಸಿದ್ದು ನೆನಪಾಯಿತು. ಕೈ ಹಿಂದಕ್ಕೆ ತೆಗೆದೆ.

ಬಡಿಯುವ ಅಡೆಗಲ್ಲಿನ ಮೇಲೆ ಠಣ್ ಎಂದು ಏನೋ ಬಿತ್ತು. ವಿರುಪಮ್ಮನ ಕಾಲ್ಗಡಗ. ಮದುವೆಯಲ್ಲಿ ಅವಳ ತವರಿನವರು ರೂಪಾಯಿ ಕರಗಿಸಿ ಮಾಡಿಸಿದ್ದು, ಹೊರಮೈಯಲ್ಲಿ ಹುರಿಹಗ್ಗದ ಕೆತ್ತನೆ.

"ಇದರಾಗ ಎಷ್ಟು ಬೇಕೋ ಕಡೀರಿ."

"ಒಂದ ಕಾಲಿಂದು ತಗದೀ?"

"ನಿಮಗ ಬೇಕಾಗಿದ್ದು ಒಂದು ತೂತಿಗೆ. ಎರಡೂ ಕಾಲಿಂದು ಯಾಕ?"

"ಮಂದಿ ಏನಂತಾರ?"

"ಪತ್ತಾರ ಹೆಂಡತಿ ಕಡಗಾನೂ ಬಿಡಲಿಲ್ಲ ಅಂತಾರ. ಅನ್ನಲಿ. ನನ್ನ ಬೆಳ್ಳಿ, ನಾ ಎದುರಿಗೆ ಕುಂದರ್ತೀನಿ. ಬಡೀರಿ."

ಕೂತಳು. ಕೊಟ್ರಯ್ಯನ ಪಕ್ಕದಲ್ಲೇ, ಅವನ ಹಾಗೇ ಕಣ್ಣು ಮಿಟುಕಿಸದೆ. ಕಡಗದಿಂದ ಎರಡು ಬೆರಳಗಲ ಕಡಿದೆ. ಸೀಸ ಮುಟ್ಟದ ಬೆಳ್ಳಿ ಅದು, ಅದನ್ನಷ್ಟೇ ಬೆಂಕಿಗೆ ಹಿಡಿದು ಹದ ಮಾಡಿ, ಬಡಿದು, ಬಟ್ಟಲಿನ ಹೊಟ್ಟೆಯ ಬಾಗಿಗೆ ಬಾಗಿಸಿದೆ. ಒಳಗಿನ ಬಿಲ್ಲೆಯ ನಡುವೆ ಕೈವಾರದ ಮೊನೆಯಿಂದ ಒಂದು ಚುಕ್ಕೆ ಇಟ್ಟೇ ಶುರು ಮಾಡಿದ್ದು. ಆಮೇಲೆ ಮೊಳೆ. ಆಮೇಲೆ ಅಂಚು. ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಕೂದಲೆಳೆಯಷ್ಟೇ ಅಂತರ. ಆ ಮಧ್ಯಾಹ್ನ ನಾನು ಹೊಡೆದ ಪೆಟ್ಟು ಒಂದು ಲಕ್ಷ. ವಿರುಪಮ್ಮ ನಾಲ್ಕು ಸಾವಿರ ಎನ್ನುತ್ತಾಳೆ, ಅವಳಿಗೆ ಮೊದಲಿನಿಂದಲೂ ಎಣಿಕೆ ಸ್ವಲ್ಪ ಕಡಿಮೆ.

ಸಂಜೆಗೆ ಎದ್ದ ಕೊಟ್ರಯ್ಯ ಮೊದಲು ಪೆಟ್ಟಿಗೆ ತೆಗೆಸಿ ರೂಪಾಯಿ ಎಣಿಸಿದ. ಹನ್ನೆರಡು. ಇನ್ನೊಮ್ಮೆ ಎಣಿಸಿದ. ಆಮೇಲೆ ವಿರುಪಮ್ಮನ ಕಾಲು ನೋಡಿದ.

ಭಾನುವಾರ ಬೆಳಿಗ್ಗೆ ಸಂಡೂರಿಗೆ ಹೊರಟ ಗಾಡಿಯಲ್ಲಿ ನಾನಷ್ಟೇ ಅಲ್ಲ, ರೂಪಾಯಿಗಳನ್ನು ಸೊಂಟಕ್ಕೆ ಕಟ್ಟಿಕೊಂಡ ಕೊಟ್ರಯ್ಯನೂ ಇದ್ದ. "ನೀ ಅದಿರು ಹೊರಾಕ ನಿಂತ್ರ ನನ್ನ ಕರಡಿಗಿ ಯಾರು ಮಾಡ್ತಾರ? ಕಣ್ಣಾರ ನೋಡಿ ಬರ್ತೀನಿ," ಎಂದ. ತಕ್ಕಡಿಯನ್ನೂ ಅವನೇ ಹೇರಿಸಿದ. ಅಪ್ಪನ ಸುತ್ತಿಗೆ ನನ್ನ ಮಡಿಲಲ್ಲಿತ್ತು.

ಬಂಗಲೆಯ ಪಡಸಾಲೆಯಲ್ಲಿ ದೊರೆ, ದೊರೆಸಾನಿ, ಹಾಲಸ್ವಾಮಿ, ಹಸಿದು ಕಿರುಚುವ ಕೂಸು. ಮೇಜಿನ ಮೇಲೆ ವಿಭೂತಿ ಗುಡ್ಡೆ ಮಾಡಿದೆ. ಅದರ ಮೇಲೆ ಬಟ್ಟಲು. ಅಡುಗೆಯವನು ಹೊಗೆಯಾಡುವ ಗಂಜಿಯನ್ನು ಕಂಠಮಟ್ಟ ಹೊಯ್ದ. ಸುತ್ತಿಗೆಯನ್ನು ಪಕ್ಕದಲ್ಲಿಟ್ಟು ಕೈಕಟ್ಟಿ ನಿಂತೆ.

ಗಂಜಿ ಆರುವವರೆಗೆ ಕಾಯಬೇಕು. ಸಂಡೂರು ಗುಡ್ಡ ಅಷ್ಟು ಹೊತ್ತು ಅಗೆತ ನಿಲ್ಲಿಸಿತು, ಇದನ್ನು ನಾನು ಕೇಳಿದ್ದೇನೆ. ಕೂಸು ಕಿರುಚುವುದನ್ನು ಮಾತ್ರ ನಿಲ್ಲಿಸಲಿಲ್ಲ.

ದೊರೆಸಾನಿ ಬಟ್ಟಲೆತ್ತಿದಳು. ವಿಭೂತಿಯ ಮೇಲೆ ಬಟ್ಟಲಿನ ದುಂಡು ಅಚ್ಚು, ಬೆಳ್ಳಗೆ. ಹಾಲಸ್ವಾಮಿ ನನ್ನ ಹೆಗಲಿಗೆ ಒರಗಿದ. ಕೊಟ್ರಯ್ಯ ಒಪ್ಪಲಿಲ್ಲ. "ಬೆಳ್ಳಗೈತಿ ಅಂದ್ರ ಒಣಗೈತಿ ಅಂತಲ್ಲ," ಎಂದು ಮುಂದೆ ಬಾಗಿ, ಕಂಪ್ಲಿ ಹೊಳೆಯ ದಂಡೆಯಲ್ಲಿ ಊದುವ ಹಾಗೆ ಊದಿದ. ಇಡೀ ಗುಡ್ಡೆ ಹಾರಿ ದೊರೆಯ ಮೀಸೆಗೂ ದೊರೆಸಾನಿಯ ಮೂಗಿಗೂ ಹತ್ತಿತು. ಕೂಸು ಥಟ್ಟನೆ ಅಳು ನಿಲ್ಲಿಸಿ ನಕ್ಕಿತು. ನಗುವ ಬಾಯಿಗೆ ತಾಯಿ ಮೊದಲ ಚಮಚ ಇಟ್ಟಳು. ಕೂಸು ಅದನ್ನು ಹಾಗೇ ಉಗುಳಿತು. ಅದು ಗಂಜಿಯ ತಪ್ಪು, ಬಟ್ಟಲಿನದಲ್ಲ.

ತೊಳೆದ ಬಟ್ಟಲನ್ನು ಕೊಟ್ರಯ್ಯ ತಕ್ಕಡಿಗಿಟ್ಟ. ಇಪ್ಪತ್ತೊಂದು ತೊಲದ ಕಲ್ಲಿಗೆ ಬಟ್ಟಲಿನ ತಟ್ಟೆ ಕೆಳಗಿಳಿಯಿತು. ಅರ್ಧ ತೊಲ ಹೆಚ್ಚು. ಅವನು ಕಲ್ಲು ಬದಲಿಸಿ ತೂಗಿದ, ತಟ್ಟೆ ಅದಲುಬದಲು ಮಾಡಿ ತೂಗಿದ. ಅರ್ಧ ತೊಲ ಹೆಚ್ಚೇ.

"ಪತ್ತಾರನ ಕೈಯಾಗ ಬೆಳ್ಳಿ ಬೆಳದಿದ್ದು ನಾ ಎಲ್ಲೂ ಕಂಡಿಲ್ಲ," ಎಂದ, ಏನೋ ಕಳೆದುಕೊಂಡವನ ದನಿಯಲ್ಲಿ. ಸೊಂಟದ ಗಂಟು ಬಿಚ್ಚಿ ಹನ್ನೆರಡು ರೂಪಾಯಿಯನ್ನು ನನ್ನ ಅಂಗೈಗೆ ಸುರಿದ. "ತಗೋ. ಕರಡಿಗಿ ಆದ ಮ್ಯಾಲೆ ಹೇಳಿ ಕಳಸು. ಕಂಪ್ಲ್ಯಾಗ ಭತ್ತ ಬಂದು ಬಿದ್ದೈತಿ, ನನಗ ನಿನ್ನ ಮಾರಿ ನೋಡಿ ಸಾಕಾಗೈತಿ."

ದೊರೆಸಾನಿ ಬಟ್ಟಲಿನ ತಳದ ಮುದ್ರೆ ತೋರಿಸಿ ಏನೋ ಕೇಳಿದಳು. "ಅವನ ಹೆಸರಿನ ಪಕ್ಕ ನಿಮ್ಮ ಹೆಸರೂ ಒತ್ತ್ರಿ ಅಂತಾರ," ಎಂದ ಹಾಲಸ್ವಾಮಿ.

"ನನ್ನ ಹೆಸರು ಹಿಡಿಸೋ ಅಷ್ಟು ಬಟ್ಟಲ ದೊಡ್ಡದಿಲ್ಲ ಅನ್ರಿ," ಎಂದೆ. ಆಮೇಲೆ ಒಳಗಿನ ಬಿಲ್ಲೆಯ ನಡುವಿನ ಚುಕ್ಕೆ ತೋರಿಸಿದೆ, ಬಟ್ಟಲು ಮಗುಚಿ ಬಾಸ್ಟನ್ನಿನವನ ಚುಕ್ಕೆಯನ್ನೂ ತೋರಿಸಿದೆ. ಅವಳು ಒಂದರ ಮೇಲೊಂದರಂತೆ ಎರಡನ್ನೂ ಬೆರಳಿನಿಂದ ಮುಟ್ಟಿದಳು. ಹೊರಗಿನ ಬಿಲ್ಲೆಯ ಅಂಚಿನಲ್ಲಿ ನಾನು ಉಳಿಸಿದ್ದ ಹುರಿಹಗ್ಗದ ಕೆತ್ತನೆ ಯಾರದೆಂದು ಕೇಳಿದಳು. ಅದರ ಒಡತಿಯ ಹೆಸರು ಮಾತ್ರ ಹೇಳಿದೆ. "ವಿರುಪಮ್ಮ."

ಸುತ್ತಿಗೆ ಮಡಿಲಿಗೆ ಹಾಕಿಕೊಂಡು ಗಾಡಿ ಹತ್ತಿದೆ.

ಅಲ್ಲಿಂದ ಮುಂದೆ ನನ್ನ ಕಷ್ಟ ಶುರುವಾಯಿತು. ಕೊಟ್ರಯ್ಯ ಕಂಪ್ಲಿಯಲ್ಲಿ ಬಾಯಿ ಮುಚ್ಚಿಕೊಂಡಿರಲಿಲ್ಲ. ಇಪ್ಪತ್ತು ತೊಲ ತಂದವರು ಇಪ್ಪತ್ತೂವರೆ ಕೇಳತೊಡಗಿದರು. ಹೊಸಪೇಟೆಯ ಪತ್ತಾರರೆಲ್ಲ ಕಾಳಿಕಾದೇವಿ ಗುಡಿಯಲ್ಲಿ ಪಂಚಾಯಿತಿ ಸೇರಿಸಿ, ಕುಲಕ್ಕೆ ಇಂಥ ಕೆಟ್ಟ ಹೆಸರು ತಂದವನು ಹಿಂದೆ ಹುಟ್ಟಿರಲಿಲ್ಲ ಎಂದು ನನ್ನನ್ನು ಬೈದರು. ಆದರೆ ಗಿರಾಕಿಗಳು ನನ್ನ ಎದುರಿಗೆ ಕೂರುತ್ತಿದ್ದ ಚಾಪೆಯನ್ನು ವಿರುಪಮ್ಮ ಸುತ್ತಿ ಅಟ್ಟಕ್ಕೆ ಹಾಕಿದಳು.

ಕಡಿದ ಕಡಗವನ್ನು ಎರಡು ಬೆರಳು ಬೆಳ್ಳಿ ಸೇರಿಸಿ ಕೂಡಿಸಿಕೊಡುತ್ತೇನೆಂದು ಅವಳಿಗೆ ಎಷ್ಟೋ ಸಲ ಹೇಳಿದ್ದೇನೆ. ಬೆಸುಗೆಯ ಗೆರೆ ದೇವರಿಗೂ ಕಾಣದಂತೆ ಮಾಡಬಲ್ಲೆ.

"ಇರಲಿ ಬಿಡ್ರಿ," ಎನ್ನುತ್ತಾಳೆ, ಒಂಟಿ ಕಡಗದ ಕಾಲು ಚಾಚಿ ಅಕ್ಕಿ ಆರಿಸುತ್ತ. "ಕೂಡಿಸಿದ್ರ ನೀವು ಹೇಳೋದನ್ನ ಯಾರು ನಂಬ್ತಾರ?"